ಸರ್, ಮಿಷನ್ ಆಫ್ ಆಗಿಲ್ಲ

2018ರ ಮಳೆಗಾಲದ ಒಂದು ಬೆಳಗ್ಗೆ ಆರೂವರೆಗೆ ನನ್ನ ಫೋನ್ ಹೊಡ್ಕೊಳ್ಳೋಕೆ ಶುರುವಾಯ್ತು. ಬೆಂಗಳೂರಲ್ಲಿ ನಮ್ಮಂಥ ಕೆಲಸ ಮಾಡೋರಿಗೆ ಆರೂವರೆ ಅಂದ್ರೆ ಮಧ್ಯರಾತ್ರಿ. ಕಣ್ಣು ಬಿಡದೆ ಎತ್ತಿದೆ.

"ಸರ್, ರಾತ್ರಿ ಆಫ್ ಮಾಡೇ ಮನೆಗೆ ಹೋಗಿದ್ದೆ. ಈಗ ಬಂದು ನೋಡಿದ್ರೆ ಬ್ಯಾಟ್ರಿ ಪೂರ್ತಿ ಡೌನ್. ಕರೆಂಟೂ ಇಲ್ಲ. ಜನ ಕ್ಯಾನ್ ಹಿಡ್ಕೊಂಡು ನಿಂತವ್ರೆ. ಏನ್ ಮಾಡ್ಲಿ?"

ಆ ಕಡೆ ಇದ್ದವರು ಒಂದು ಹಳ್ಳಿಯ ಹಾಲಿನ ಸಂಘದ ಸೆಕ್ರೆಟರಿ. ನಾನು ಆಗ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಾಲು ತೂಗಿ, ಫ್ಯಾಟ್ ನೋಡಿ, ರೇಟ್ ಲೆಕ್ಕ ಹಾಕಿ ಚೀಟಿ ಕೊಡುವ ಮಿಷನ್ ಮಾಡ್ತಿದ್ವಿ. ಒಳಗಡೆ ಇದ್ದದ್ದು ನಿಮ್ಮ ಹಳೇ ಫೋನಿನಲ್ಲಿ ಇರ್ತಿತ್ತಲ್ಲ, ಅಂಥದೇ ಒಂದು ಆರ್ಮ್ ಪ್ರೊಸೆಸರ್. ಅದರ ಮೇಲೆ ಲಿನಕ್ಸ್. ಮಿಷನ್ನಿನ ಸಾಫ್ಟ್‌ವೇರ್‌ನಲ್ಲಿ ಏನೇ ಕೆಟ್ಟರೂ ಫೋನ್ ಬರ್ತಿದ್ದದ್ದು ನನಗೆ.

ಹಾಲು ಕಾಯಲ್ಲ. ಅವತ್ತು ಸೆಕ್ರೆಟರಿ ಕೈಯಲ್ಲೇ ಪುಸ್ತಕ ಬರೆದರು. ಫ್ಯಾಟ್ ನೋಡೋಕೆ ದಾರಿಯಿಲ್ಲದೆ ಎಲ್ಲರಿಗೂ ಒಂದೇ ಅಂಕಿ ಹಾಕಿದರು. ಫೋನ್ ಇಡೋ ಮುಂಚೆ ಹಿಂದಿನಿಂದ ಒಬ್ಬ ಅಜ್ಜಿಯ ದನಿ ಕೇಳಿಸಿತು: "ನನ್ನ ಎಮ್ಮೆ ಹಾಲಿಗೂ ಅವರ ಸೀಮೆ ಹಸು ಹಾಲಿಗೂ ಒಂದೇ ರೇಟಾ?"

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ ನಾನು ಮೂರು ವಾರ ಒಂದು ವಿಚಿತ್ರ ಇತಿಹಾಸದೊಳಗೆ ಇಳಿದೆ. ಕಂಪ್ಯೂಟರನ್ನು ಆನ್ ಮಾಡೋದರ ಬಗ್ಗೆ ಎಲ್ಲರೂ ಬರೀತಾರೆ. ಆಫ್ ಮಾಡೋದು ಹೇಗೆ ಅಂತ ಮನುಷ್ಯರು ನಲವತ್ತು ವರ್ಷ ಜಗಳ ಆಡಿದ್ದಾರೆ ಅನ್ನೋದು ನಂಗೆ ಅಲ್ಲೀವರೆಗೆ ಗೊತ್ತಿರಲಿಲ್ಲ.

*

ಮೊದಮೊದಲು ಇದು ಸಮಸ್ಯೆಯೇ ಆಗಿರಲಿಲ್ಲ. 1970ರ ಸುಮಾರಿನ ಪಿಡಿಪಿ-11ನಂಥ ಯಂತ್ರಗಳಲ್ಲಿ ಮೆಮೊರಿ ಅಂದರೆ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ತಂತಿಗಳಲ್ಲಿ ಪೋಣಿಸಿದ ಪುಟ್ಟ ಅಯಸ್ಕಾಂತದ ಉಂಗುರಗಳು. ಕರೆಂಟ್ ಹೋದರೂ ಅವು ತಮ್ಮ ನೆನಪನ್ನು ಬಿಡ್ತಿರಲಿಲ್ಲ. ಕರೆಂಟ್ ಹೋಗುವ ಕೊನೇ ಕ್ಷಣದಲ್ಲಿ ಯಂತ್ರ ಪ್ರೊಸೆಸರಿಗೆ ಒಂದು ಸೂಚನೆ ಕೊಡ್ತಿತ್ತು. ಪ್ರೊಗ್ರಾಮ್ ತನ್ನ ಕೈಲಿದ್ದ ಲೆಕ್ಕವನ್ನು ಆ ಮೆಮೊರಿಯಲ್ಲಿ ಬರೆದಿಟ್ಟು ಸುಮ್ಮನಾಗ್ತಿತ್ತು. ಕರೆಂಟ್ ಬಂದ ಮೇಲೆ ನಿಲ್ಲಿಸಿದ ಜಾಗದಿಂದಲೇ ಶುರು. ಇವತ್ತು ನಾವು ಹೈಬರ್ನೇಷನ್ ಅಂತ ಕರೆಯುವ ಸರ್ಕಸ್ಸು ಅವತ್ತು ಬಿಟ್ಟಿಯಾಗಿ ಸಿಗ್ತಿತ್ತು.

ಆಮೇಲೆ ಸಿಲಿಕಾನ್ ಮೆಮೊರಿ ಬಂತು. ಅಗ್ಗ, ವೇಗ, ಆದರೆ ಮರೆಗುಳಿ. ಕರೆಂಟ್ ಹೋದ ಕೂಡಲೇ ಎಲ್ಲ ಖಾಲಿ.

1981ರಲ್ಲಿ ಬಂದ ಐಬಿಎಂ ಪಿಸಿಯ ಬಲಗಡೆ ಹಿಂಭಾಗದಲ್ಲಿ ದೊಡ್ಡದೊಂದು ಕೆಂಪು ಸ್ವಿಚ್ ಇತ್ತು. ಕೆಳಗೆ ಒತ್ತಿದರೆ ಟಕ್, ಮುಗೀತು. ಡಾಸ್‌ನಲ್ಲಿ ಶಟ್‌ಡೌನ್ ಅನ್ನೋ ಕಮಾಂಡೇ ಇರಲಿಲ್ಲ. ಪರದೆ ಮೇಲೆ ಸಿ ಡ್ರೈವಿನ ಪ್ರಾಂಪ್ಟ್ ಬಂತಾ, ಸ್ವಿಚ್ ಒತ್ತು, ಮನೆಗೆ ಹೋಗು. ಅತೀ ಎಚ್ಚರಿಕೆಯವರು ಅದಕ್ಕೆ ಮುಂಚೆ 'ಪಾರ್ಕ್' ಅನ್ನೋ ಪುಟ್ಟ ಪ್ರೊಗ್ರಾಮ್ ಓಡಿಸಿ, ಹಾರ್ಡ್ ಡಿಸ್ಕಿನ ಓದುವ ತಲೆಯನ್ನು ಡೇಟಾ ಇಲ್ಲದ ಜಾಗಕ್ಕೆ ಸರಿಸಿಟ್ಟು ಹೋಗ್ತಿದ್ರು.

ತಾಪತ್ರಯ ಶುರುವಾಗಿದ್ದು ಕ್ಯಾಶ್‌ನಿಂದ. ಡಿಸ್ಕ್ ನಿಧಾನ. ಅದಕ್ಕೇ ಆಪರೇಟಿಂಗ್ ಸಿಸ್ಟಂ "ಬರೆದೆ" ಅಂತ ನಿಮಗೆ ಹೇಳಿ, ನಿಜವಾಗಿ ಮೆಮೊರಿಯಲ್ಲಿ ಇಟ್ಕೊಂಡು, ಪುರುಸೊತ್ತು ಸಿಕ್ಕಾಗ ಡಿಸ್ಕಿಗೆ ಬರೆಯುತ್ತೆ. ಯುನಿಕ್ಸ್ ಇದನ್ನು 1970ರ ದಶಕದಲ್ಲೇ ಮಾಡ್ತಿತ್ತು. ಅದಕ್ಕೇ ಹಳೇ ಯುನಿಕ್ಸ್ ಮಂದಿ ಯಂತ್ರ ನಿಲ್ಲಿಸೋ ಮುಂಚೆ 'ಸಿಂಕ್' ಅಂತ ಮೂರು ಸಲ, ಮೂರು ಬೇರೆ ಬೇರೆ ಸಾಲಿನಲ್ಲಿ ಟೈಪ್ ಮಾಡ್ತಿದ್ರು. ಮೂರು ಸಲ ಯಾಕೆ? ಎರಡನೆಯದು, ಮೂರನೆಯದು ಟೈಪ್ ಮಾಡೋ ಹೊತ್ತಿಗೆ ಮೊದಲನೆಯದು ಹೇಳಿದ ಬರಹ ಮುಗಿದಿರುತ್ತೆ ಅಂತ. ಮಂತ್ರದ ಹಾಗೆ ಕಂಡರೂ ಅದರೊಳಗೆ ಇದ್ದದ್ದು ಕಾಯುವ ಲೆಕ್ಕ.

ಪಿಸಿ ಜಗತ್ತಿಗೆ ಈ ಪಾಠ ತಡವಾಗಿ ಬಂತು. 1993ರ ಎಂಎಸ್-ಡಾಸ್ 6.0ರ ಜೊತೆ ಬಂದ ಸ್ಮಾರ್ಟ್‌ಡ್ರೈವ್ ತಾನಾಗೇ ಬರಹವನ್ನು ತಡಮಾಡೋಕೆ ಶುರುಮಾಡ್ತು. ಪ್ರಾಂಪ್ಟ್ ಬಂತು ಅಂತ ಅಭ್ಯಾಸಬಲದಿಂದ ಸ್ವಿಚ್ ಒತ್ತಿದವರ ಫೈಲು ಕಳೆದವು. 6.2ರಲ್ಲಿ ಅದನ್ನು ತಿದ್ದಿ, ಬರೆಯೋದು ಮುಗಿಯೋ ತನಕ ಪ್ರಾಂಪ್ಟೇ ಬರದ ಹಾಗೆ ಮಾಡಿದರು. ಜನರ ಅಭ್ಯಾಸ ಬದಲಾಗಲಿಲ್ಲ, ಅಭ್ಯಾಸಕ್ಕೆ ತಕ್ಕ ಹಾಗೆ ಸಾಫ್ಟ್‌ವೇರ್ ಬದಲಾಯ್ತು.

ಆಮೇಲೆ ಬಂದದ್ದು ವಿಂಡೋಸ್ 95. ಆ ಕಿತ್ತಳೆ ಬಣ್ಣದ ಅಕ್ಷರ ನೆನಪಿದೆಯಾ? ಕಪ್ಪು ಪರದೆ ಮೇಲೆ, ಈಗ ನಿಮ್ಮ ಕಂಪ್ಯೂಟರನ್ನು ಆಫ್ ಮಾಡಬಹುದು, ಏನೂ ಭಯ ಇಲ್ಲ ಅನ್ನೋ ಅರ್ಥದ ಒಂದು ಸಾಲು. ನಾನು ಕಂಪ್ಯೂಟರ್ ಕಲಿತ ಸೆಂಟರಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಕಿತ್ತಳೆ ಅಕ್ಷರ ಬರೋ ಮುಂಚೆ ಸ್ವಿಚ್ ಮುಟ್ಟಿದರೆ ಮೇಷ್ಟ್ರು ಬೆರಳಿಗೇ ಹೊಡೀತಿದ್ರು. ಆ ಸಾಲು ನಿಜಕ್ಕೂ ಒಂದು ಚಿತ್ರ ಅಷ್ಟೇ. ವಿಂಡೋಸ್ ಫೋಲ್ಡರಿನಲ್ಲಿ 'ಲೋಗೋಸ್ ಡಾಟ್ ಸಿಸ್' ಅನ್ನೋ ಹೆಸರಲ್ಲಿ ಕೂತಿದ್ದ ಬಿಟ್‌ಮ್ಯಾಪ್. ನಮ್ಮ ಸೀನಿಯರ್ ಒಬ್ಬ ಅದನ್ನು ಪೇಂಟಿನಲ್ಲಿ ತೆಗೆದು ಅಣ್ಣಾವ್ರ ಫೋಟೋ ಹಾಕಿಬಿಟ್ಟಿದ್ದ. ಎರಡು ವಾರ ನಾವೆಲ್ಲ ರಾಜ್‌ಕುಮಾರ್ ಅಪ್ಪಣೆ ಕೊಟ್ಟ ಮೇಲೇ ಕಂಪ್ಯೂಟರ್ ಆಫ್ ಮಾಡ್ತಿದ್ವಿ.

ಆದರೆ ಆ ಸಾಲಿನ ಹಿಂದೆ ಒಂದು ಅಸಹಾಯಕತೆ ಇದೆ, ಗಮನಿಸಿ. ಎಲ್ಲ ಫೈಲು ಮುಚ್ಚಿ, ಎಲ್ಲ ಪ್ರೊಗ್ರಾಮ್ ನಿಲ್ಲಿಸಿ, ಕೊನೆಗೆ ಆಪರೇಟಿಂಗ್ ಸಿಸ್ಟಂ ಮನುಷ್ಯನನ್ನು ಕೇಳ್ತಿದೆ: ಸ್ವಿಚ್ ನನ್ನ ಕೈಗೆ ಎಟುಕಲ್ಲ, ನೀವೇ ಒತ್ತಿ.

*

ಸ್ವಿಚ್ಚನ್ನು ಸಾಫ್ಟ್‌ವೇರಿನ ಕೈಗೆ ಕೊಟ್ಟವರಲ್ಲಿ ಆ್ಯಪಲ್‌ನವರು ಮುಂದಿದ್ದರು. 1983ರ ಲೀಸಾದಲ್ಲಿ ಬಟನ್ ಒತ್ತಿದರೆ ಕರೆಂಟ್ ತಕ್ಷಣ ಹೋಗ್ತಿರಲಿಲ್ಲ. ತೆರೆದಿದ್ದ ಕಾಗದಗಳನ್ನೆಲ್ಲ ಎತ್ತಿಟ್ಟು ಆಮೇಲೆ ಅದೇ ಆಫ್ ಆಗ್ತಿತ್ತು. ಮತ್ತೆ ಆನ್ ಮಾಡಿದರೆ ಮೇಜು ಹೇಗಿತ್ತೋ ಹಾಗೇ. 1987ರ ಮ್ಯಾಕಿಂತೋಷ್ 2ರಲ್ಲಿ ಕೀಬೋರ್ಡಿನಲ್ಲೇ ಪವರ್ ಕೀ ಬಂತು.

ನಮ್ಮ ನಿಮ್ಮ ಪಿಸಿಗೆ ಆ ಭಾಗ್ಯ ಬಂದಿದ್ದು 1995ರಲ್ಲಿ, ಇಂಟೆಲ್‌ನ ಎಟಿಎಕ್ಸ್ ಜೊತೆ. ಹಳೇ ಸಿಪಿಯು ಡಬ್ಬ ಬಿಚ್ಚಿ ನೋಡಿ. ಪವರ್ ಸಪ್ಲೈನಿಂದ ಬರುವ ವೈರುಗಳಲ್ಲಿ ಒಂದು ಹಸಿರು, ಒಂದು ನೇರಳೆ ಇರುತ್ತೆ. ನೇರಳೆಯಲ್ಲಿ, ಕಂಪ್ಯೂಟರ್ ಆಫ್ ಆಗಿದ್ದರೂ, 5 ವೋಲ್ಟ್ ಹರೀತಾನೇ ಇರುತ್ತೆ. ಹಸಿರು ವೈರನ್ನು ಮದರ್‌ಬೋರ್ಡ್ ಕೆಳಗೆಳೆದರೆ ಆನ್, ಬಿಟ್ಟರೆ ಆಫ್. ಅಂದರೆ ಅವತ್ತಿನಿಂದ 'ಆಫ್' ಅಂದರೆ ಪೂರ್ತಿ ಆಫ್ ಅಲ್ಲ. ಮುಂಬಾಗಿಲು ಹಾಕಿದ ಮೇಲೂ ಜಗಲಿಯಲ್ಲಿ ಒಂದು ಸಣ್ಣ ದೀಪ ಉರೀತಾ ಇರುತ್ತೆ. ಮುಂದಿನ ಬಟನ್ ಈಗ ಸ್ವಿಚ್ ಅಲ್ಲ, ಬರೀ ಕಾಲಿಂಗ್ ಬೆಲ್. ಒಳಗಿನವರು ಬಾಗಿಲು ತೆಗೆಯದೇ ಹೋದರೆ ನಾಲ್ಕು ಸೆಕೆಂಡ್ ಒತ್ತಿ ಹಿಡೀಬೇಕು.

ಹಾರ್ಡ್‌ವೇರ್ ಸಿಕ್ಕಿತು. ಅದರ ಜೊತೆ ಮಾತಾಡೋ ಭಾಷೆ? ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1992ರಲ್ಲೇ ಎಪಿಎಂ ಅಂತ ಒಂದು ಮಾಡಿದ್ದರು. ಅದರಲ್ಲಿ ಯಜಮಾನಿಕೆ ಬಯಾಸ್‌ದು. ಯಾವಾಗ ಮಲಗಬೇಕು, ಡಿಸ್ಕ್ ಯಾವಾಗ ನಿಲ್ಲಬೇಕು ಅಂತ ಬಯಾಸೇ ತೀರ್ಮಾನ ಮಾಡ್ತಿತ್ತು. ನೀವು ಫೈಲ್ ಕಾಪಿ ಮಾಡ್ತಿದ್ದೀರೋ ಬಿಟ್ಟಿದ್ದೀರೋ ಅದಕ್ಕೇನು ಗೊತ್ತು? 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ತಂದರು. ಇಲ್ಲಿ ತೀರ್ಮಾನ ಆಪರೇಟಿಂಗ್ ಸಿಸ್ಟಂದು, ಕೆಲಸ ಹೇಗೆ ಮಾಡಬೇಕು ಅನ್ನೋ ಮಾಹಿತಿ ಬಯಾಸ್‌ದು. ನಿದ್ದೆಗೆ ನಂಬರ್ ಕೊಟ್ಟರು. ಎಸ್0 ಎಚ್ಚರ. ಎಸ್3 ಅಂದರೆ ಮೆಮೊರಿಗೆ ಮಾತ್ರ ಕರೆಂಟ್, ಮಿಕ್ಕಿದ್ದೆಲ್ಲ ಮಲಗು. ಎಸ್4 ಹೈಬರ್ನೇಷನ್. ಎಸ್5 ಆಫ್.

ಎಸಿಪಿಐನಲ್ಲಿ ಆಫ್ ಮಾಡೋದು ಕೇಳೋಕೆ ಸುಲಭ: ಬಯಾಸ್ ಕೊಟ್ಟ ಟೇಬಲ್ಲಿನಲ್ಲಿ ಎಸ್5ಕ್ಕೆ ಯಾವ ಸಂಖ್ಯೆ ಅಂತ ಹುಡುಕಿ, ಅದನ್ನು ಒಂದು ರಿಜಿಸ್ಟರಿನಲ್ಲಿ ಬರೆದು, 13ನೇ ಬಿಟ್ ಏರಿಸು. ಆದರೆ ಆ ಟೇಬಲ್ ಬರೀ ಟೇಬಲ್ ಅಲ್ಲ, ಅದರೊಳಗೆ ಪುಟ್ಟ ಪುಟ್ಟ ಪ್ರೊಗ್ರಾಮ್‌ಗಳಿರುತ್ತವೆ. ಅವನ್ನು ಓಡಿಸೋಕೆ ಕರ್ನಲ್ಲಿನೊಳಗೆ ಒಂದು ಇಂಟರ್‌ಪ್ರಿಟರ್ ಬೇಕು. ಬಯಾಸ್ ಬರೆಯುವವರು ವಿಂಡೋಸ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿ ಕೈ ತೊಳ್ಕೊಳ್ತಿದ್ದರು. 1999ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮವರಿಗೆ ಬರೆದ ಒಂದು ಇ-ಮೇಲ್ ಮುಂದೆ ಅಮೆರಿಕದ ಅಯೊವಾ ರಾಜ್ಯದ ಮೊಕದ್ದಮೆಯಲ್ಲಿ ಬಯಲಾಯ್ತು. ಕಷ್ಟಪಟ್ಟು ಎಸಿಪಿಐ ಮಾಡೋರು ನಾವು, ಲಿನಕ್ಸ್‌ನವರು ಏನೂ ಮಾಡದೆ ಅದರ ಫಲ ಉಣ್ಣೋದಾ, ಇದನ್ನು ಹೇಗಾದರೂ ವಿಂಡೋಸ್‌ಗೇ ಸೀಮಿತ ಮಾಡೋಕೆ ಆಗಲ್ವಾ ಅನ್ನೋ ಧಾಟಿ ಅದರದ್ದು. ಎಸಿಪಿಐ ಬಹಿರಂಗವಾಗೇ ಉಳೀತು. ಆದರೆ ಇವತ್ತಿಗೂ "ನೀನು ಯಾವ ಆಪರೇಟಿಂಗ್ ಸಿಸ್ಟಂ?" ಅಂತ ಬಯಾಸ್ ಕೇಳಿದರೆ ಲಿನಕ್ಸ್ "ನಾನು ವಿಂಡೋಸ್" ಅಂತ ಸುಳ್ಳು ಹೇಳುತ್ತೆ. ನಿಜ ಹೇಳಿದರೆ ಯಾರೂ ಪರೀಕ್ಷೆ ಮಾಡದ ದಾರಿಗೆ ಬೀಳಬೇಕಾಗುತ್ತೆ.

*

ಇಷ್ಟಾದರೂ ಪಿಸಿ ಜಗತ್ತಿನಲ್ಲಿ ಒಂದು ದಾರಿ ಅಂತ ಇತ್ತು. ಯಾಕಂದ್ರೆ ಎಲ್ಲರೂ ಐಬಿಎಂ ಪಿಸಿಯ ನಕಲು ಮಾಡ್ತಿದ್ದರು. ಆರ್ಮ್ ಜಗತ್ತು ಹಾಗಲ್ಲ. ಆರ್ಮ್ ಕಂಪನಿ ಆಗ ಪ್ರೊಸೆಸರಿನ ವಿನ್ಯಾಸ ಮಾತ್ರ ಮಾರ್ತಿತ್ತು. ಅದರ ಸುತ್ತ ಏನು ಕಟ್ಟಬೇಕು ಅನ್ನೋದು ಚಿಪ್ ಮಾಡೋರ ಇಷ್ಟ. ಬೋರ್ಡ್ ಮಾಡೋರದ್ದು ಇನ್ನೊಂದು ಇಷ್ಟ. ಒಂದು ಬೋರ್ಡಿನಲ್ಲಿ ಕರೆಂಟ್ ಹಂಚುವ ಬೇರೊಂದು ಚಿಪ್ಪಿಗೆ ಎರಡು ತಂತಿಯ ಮೇಲೆ ಸಂದೇಶ ಕಳಿಸಿದರೆ ಆಫ್. ಇನ್ನೊಂದರಲ್ಲಿ ಒಂದು ಪಿನ್ ಮೇಲೆ ಕೆಳಗೆ ಮಾಡಿದರೆ ಆಫ್. ಮತ್ತೊಂದರಲ್ಲಿ ಆಫ್ ಮಾಡೋ ವ್ಯವಸ್ಥೆಯೇ ಇಲ್ಲ, ಪ್ರೊಸೆಸರ್ ಸುಮ್ಮನೆ ಗಿರಕಿ ಹೊಡೀತಾ ನಿಲ್ಲುತ್ತೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಇಲ್ಲಿ ಪೋರರೇ ಜಾಸ್ತಿ.

ಇಷ್ಟೆಲ್ಲ ವೈವಿಧ್ಯವನ್ನು ಲಿನಕ್ಸ್ ಹೇಗೆ ಸಂಭಾಳಿಸ್ತಿತ್ತು ಗೊತ್ತಾ? ಒಂದೇ ಒಂದು ಪಾಯಿಂಟರಿನಿಂದ. ಹೆಸರು 'ಪಿಎಂ ಪವರ್ ಆಫ್'. ಇಡೀ ಕರ್ನಲ್ಲಿಗೆ ಅದು ಒಂದೇ. ಆಫ್ ಮಾಡೋದು ನಂಗೆ ಗೊತ್ತು ಅನ್ನೋ ಡ್ರೈವರ್ ತನ್ನ ಫಂಕ್ಷನ್ನಿನ ವಿಳಾಸವನ್ನು ಅಲ್ಲಿ ಬರೆದಿಟ್ಟು ಹೋಗಬೇಕು. ಕೊನೆಯಲ್ಲಿ ಕರ್ನಲ್ ಅದನ್ನು ಕರೆಯುತ್ತೆ. ಎರಡು ಡ್ರೈವರ್ ಬಂದರೆ?

ಸರ್ಕಾರಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತೀವಲ್ಲ, ಥೇಟ್ ಹಾಗೆ. ಕೆಲವು ಡ್ರೈವರ್‌ಗಳು ಸಭ್ಯರು. ಯಾರದೋ ಟವೆಲ್ ಇದೆ ಅಂತ ನೋಡಿ ಸುಮ್ಮನೆ ಹಿಂದೆ ಸರೀತವೆ. ಇನ್ನು ಕೆಲವು ಟವೆಲ್ ಎತ್ತಿ ಬಿಸಾಕಿ ತಾವೇ ಕೂರುತ್ತವೆ. ಸೀಟು ಯಾರಿಗೆ ಸಿಗುತ್ತೆ ಅನ್ನೋದು ಅವತ್ತು ಬಸ್ಸು ಯಾವ ಕಡೆಯಿಂದ ಬಂತು ಅನ್ನೋದರ ಮೇಲೆ.

ನಮ್ಮ ಹಾಲಿನ ಮಿಷನ್ನಿನಲ್ಲಿ ಆಗಿದ್ದೂ ಇದೇ. ಅದರಲ್ಲಿ ಆಫ್ ಮಾಡೋಕೆ ಎರಡು ದಾರಿ ಇತ್ತು. ಕರೆಂಟ್ ಹಂಚುವ ಚಿಪ್ಪು ಪ್ರೊಸೆಸರ್ ಮತ್ತು ಪರದೆಯನ್ನು ಮಾತ್ರ ಆಫ್ ಮಾಡ್ತಿತ್ತು. ಒಂದು ಪಿನ್ ಇಡೀ ಬೋರ್ಡಿನ, ಅಂದರೆ ತೂಕದ ಭಾಗ, ಹಾಲು ಪರೀಕ್ಷೆಯ ಭಾಗ, ಪ್ರಿಂಟರ್ ಎಲ್ಲದರ ಕರೆಂಟ್ ಕಡೀತಿತ್ತು. ಪಿನ್ನಿನ ಡ್ರೈವರ್ ಸಭ್ಯ. ಚಿಪ್ಪಿನದು ಮೊದಲು ಲೋಡ್ ಆದ ದಿನ ಅದು ಟವೆಲ್ ನೋಡಿ ವಾಪಸ್. ಅವತ್ತು ರಾತ್ರಿ ಪರದೆ ಕತ್ತಲಾಗ್ತಿತ್ತು, ಸೆಕ್ರೆಟರಿ ಆಫ್ ಆಯ್ತು ಅಂತ ಬೀಗ ಹಾಕ್ಕೊಂಡು ಹೋಗ್ತಿದ್ದರು, ಕತ್ತಲಲ್ಲಿ ಮಿಕ್ಕ ಭಾಗಗಳೆಲ್ಲ ಬೆಳಗಿನ ತನಕ ಬ್ಯಾಟ್ರಿ ಕುಡೀತಾ ಕೂತಿರ್ತಿದ್ದವು. ನಮ್ಮ ಆಫೀಸಿನ ಟೇಬಲ್ಲಿನ ಮೇಲೆ ಎಲ್ಲ ಸರಿ ಇತ್ತು. ಯಾಕಂದ್ರೆ ನಾವು ಪರದೆ ನೋಡ್ತಿದ್ವಿ, ಆಮೀಟರ್ ನೋಡ್ತಿರಲಿಲ್ಲ. ತಪ್ಪು ಪಾಯಿಂಟರಿನದ್ದಷ್ಟೇ ಅಲ್ಲ, ನಮ್ಮದೂ ಹೌದು.

*

ಇದೇ ಕಾಲದಲ್ಲಿ ಇನ್ನೊಂದು, ಇದಕ್ಕಿಂತ ಚಂದದ ಸಮಸ್ಯೆ ಇತ್ತು. ಆಫ್ ಆಗಬೇಕು, ಆದರೆ ನೆನಪು ಉಳೀಬೇಕು. ನಮ್ಮ ಮನೆಗಳಲ್ಲಿ ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು ಅಂತಾರಲ್ಲ. ಎಸ್5 ಹೋಗ್ತೀನಿ, ಎಸ್4 ಬರ್ತೀನಿ.

ವಿಂಡೋಸ್ 2000ದಿಂದ ಮೈಕ್ರೋಸಾಫ್ಟ್ ಇದನ್ನು ಆಪರೇಟಿಂಗ್ ಸಿಸ್ಟಂ ಒಳಗೇ ತಂದಿತು. ಲಿನಕ್ಸ್‌ನಲ್ಲಿ ಗಾಬೋರ್ ಕುಟಿ ಶುರುಮಾಡಿದ್ದನ್ನು ಪಾವೆಲ್ ಮಾಖೆಕ್ ಮುಂದುವರಿಸಿ, 2002ರಲ್ಲಿ ಅದು ಮುಖ್ಯ ಕರ್ನಲ್ ಸೇರಿತು. ಲೆಕ್ಕ ಹೀಗೆ: ಎಲ್ಲ ಪ್ರೊಗ್ರಾಮ್‌ಗಳನ್ನು ಇದ್ದಲ್ಲೇ ನಿಲ್ಲಿಸು, ಮೆಮೊರಿಯ ಫೋಟೋ ತೆಗಿ, ಅದನ್ನು ಡಿಸ್ಕಿಗೆ ಬರಿ, ಆಫ್ ಆಗು. ತೊಡಕಿರೋದು ಫೋಟೋದಲ್ಲಿ. ಫೋಟೋ ತೆಗೆಯೋನೂ ಫೋಟೋದಲ್ಲಿ ಇರಬೇಕು, ಒಬ್ಬರೂ ಕಣ್ಣು ಮಿಟುಕಿಸಬಾರದು. ಅದಕ್ಕೇ ಮೊದಲು ಮೆಮೊರಿಯೊಳಗೇ ಒಂದು ಪ್ರತಿ ಮಾಡ್ಕೊಳ್ಳುತ್ತೆ. ಹಾಗಾಗಿ ಮೆಮೊರಿಯಲ್ಲಿ ಸುಮಾರು ಅರ್ಧ ಜಾಗ ಖಾಲಿ ಇರಬೇಕು. ಆ ಪ್ರತಿ ಮುಗಿದ ಮೇಲೆ ಡಿಸ್ಕನ್ನು ಎಬ್ಬಿಸಿ ನಿಧಾನಕ್ಕೆ ಬರೆಯುತ್ತೆ.

ಎದ್ದೇಳೋದು ಇನ್ನೂ ಮಜಾ. ಬೆಳಗ್ಗೆ ಆನ್ ಮಾಡಿದಾಗ ಹೊಸದೊಂದು ಕರ್ನಲ್ ಬೂಟ್ ಆಗುತ್ತೆ. ಅದು ಡಿಸ್ಕಿನಿಂದ ಹಳೇ ಮೆಮೊರಿ ಓದಿ, ಎಲ್ಲಿಂದ ತೆಗೆದಿತ್ತೋ ಅಲ್ಲೇ ಇಡಬೇಕು. ಆದರೆ ಆ ಜಾಗದಲ್ಲಿ ಈಗ ತಾನೇ ಕೂತಿದೆ! ಕೂತ ಕೊಂಬೆಯನ್ನೇ ಕಡೀಬೇಕು. ಅದಕ್ಕೇ ಕೊನೆಯ ಪ್ರತಿ ಮಾಡುವ ಪುಟ್ಟ ಕೋಡನ್ನು ಯಾರೂ ಮುಟ್ಟದ ಒಂದು ಪುಟಕ್ಕೆ ಸಾಗಿಸಿ, ಅಲ್ಲಿ ನಿಂತು ತನ್ನನ್ನೇ ಅಳಿಸಿ ಹಳೆಯದನ್ನು ತುಂಬಿ, ಅದರೊಳಗೆ ಜಿಗಿಯುತ್ತೆ. ಆ ಕ್ಷಣದಲ್ಲಿ ಎದ್ದ ಹಳೇ ಕರ್ನಲ್ಲಿಗೆ ಗೊಂದಲ. ಅದರ ನೆನಪಿನ ಪ್ರಕಾರ ಅದು ಈಗಷ್ಟೇ ಫೋಟೋ ತೆಗೆದು ಮುಗಿಸಿದೆ. ನಾನು ಮಲಗೋಕೆ ಹೊರಟವನೋ, ಮಲಗಿ ಎದ್ದವನೋ? ಇದಕ್ಕೆ ಉತ್ತರ ಹೇಳೋಕೆ ಒಂದು ಚಿಕ್ಕ ವೇರಿಯಬಲ್ ಇದೆ. ಮಲಗೋ ಮುಂಚೆ ಅದರಲ್ಲಿ 1 ಬರೆದಿರ್ತಾರೆ. ಎಬ್ಬಿಸುವ ಕೋಡ್ ಹಳೇ ಮೆಮೊರಿ ತುಂಬಿದ ಕೂಡಲೇ ಅದನ್ನು 0 ಮಾಡುತ್ತೆ. 1 ಇದ್ದರೆ ಡಿಸ್ಕಿಗೆ ಬರೆದು ಮಲಗು. 0 ಇದ್ದರೆ ಬೆಳಗಾಗಿದೆ. ಮೊದಲ ಸಲ ಆ ಸಾಲು ಓದಿದಾಗ ನಾನು ರಾತ್ರಿ ಹನ್ನೊಂದಕ್ಕೆ ಆಫೀಸಿನಲ್ಲಿ ಒಬ್ಬನೇ ಕೂತು ನಕ್ಕಿದ್ದೆ.

ಈ ಕೊನೆಯ ಜಿಗಿತ ಪ್ರತಿ ಆರ್ಕಿಟೆಕ್ಚರಿಗೂ ಬೇರೆ. ರಿಜಿಸ್ಟರ್ ಬೇರೆ, ಪೇಜ್ ಟೇಬಲ್ ಬೇರೆ. ಇಂಟೆಲ್ ಚಿಪ್ಪುಗಳಲ್ಲಿ ಡೇಟಾ ಅಂತ ಬರೆದ ಬೈಟುಗಳನ್ನು ಕೋಡ್ ಅಂತ ಓಡಿಸೋ ಮುಂಚೆ ಕ್ಯಾಶ್ ಚಿಂತೆ ಅಷ್ಟಾಗಿ ಇಲ್ಲ. ಆರ್ಮ್‌ನಲ್ಲಿ ಎರಡು ಕ್ಯಾಶ್‌ಗಳು ತಾವಾಗೇ ಒಂದನ್ನೊಂದು ಕೇಳಲ್ಲ, ನೀವೇ ತೊಳೆದು ಹೇಳಬೇಕು. ಮರೆತರೆ ಎದ್ದ ಯಂತ್ರ ಹಳೇ ಕಸವನ್ನೇ ಕೋಡ್ ಅಂತ ಓಡಿಸಿ ಬೀಳುತ್ತೆ. ಹಾಗಾಗಿ ಪಿಸಿಗೆ 2002ರಲ್ಲಿ ಬಂದ ಹೈಬರ್ನೇಷನ್ 64 ಬಿಟ್ ಆರ್ಮ್‌ಗೆ ಬಂದಿದ್ದು 2016ರಲ್ಲಿ, ರಿಸ್ಕ್-ಫೈವ್‌ಗೆ 2023ರಲ್ಲಿ. ಪದ ಒಂದೇ, ಅದರ ಹಿಂದೆ ಪ್ರತಿ ಸಲ ಯಾರೋ ಒಬ್ಬರು ಹೊಸದಾಗಿ ಅಸೆಂಬ್ಲಿ ಬರೆದಿದ್ದಾರೆ.

*

ಆಫ್ ಮಾಡೋದಕ್ಕೂ ನಿಧಾನಕ್ಕೆ ಶಿಸ್ತು ಬಂತು. ಆರ್ಮ್ ಕಂಪನಿ ಪಿಎಸ್‌ಸಿಐ ಅನ್ನೋ ಒಪ್ಪಂದ ಮಾಡಿತು. ಬೋರ್ಡ್ ಯಾವುದೇ ಇರಲಿ, ಕರ್ನಲ್ ಒಂದು ರಿಜಿಸ್ಟರಿನಲ್ಲಿ 84000008 ಅಂತ ಇಟ್ಟು ಕೆಳಗಿನ ಫರ್ಮ್‌ವೇರನ್ನು ಕರೆದರೆ ಸಾಕು, ಮಿಕ್ಕಿದ್ದು ಅದರ ಪಾಡು. ರಿಸ್ಕ್-ಫೈವ್‌ನವರು ಎಸ್‌ಬಿಐ ಅಂತ ಮಾಡಿ 2021ರ ಹೊತ್ತಿಗೆ ಆಫ್ ಮತ್ತು ರೀಸ್ಟಾರ್ಟಿಗೆ ಒಂದು ವಿಸ್ತರಣೆ ಸೇರಿಸಿದರು. ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಫರ್ಮ್‌ವೇರ್‌ನಲ್ಲಿ ಆ ಕರೆಯನ್ನು ಬರೆಯದೇ ಬಿಟ್ಟ ಬೋರ್ಡುಗಳು ಬೇಕಾದಷ್ಟಿದ್ದವು.

ಕರ್ನಲ್ಲಿನೊಳಗಿನ ಟವೆಲ್ ಜಗಳವನ್ನು ಬಿಡಿಸೋಕೆ ಗುಂಟರ್ ರೋಕ್ 2014ರಲ್ಲೇ ಕೈ ಹಾಕಿದರು. ರೀಸ್ಟಾರ್ಟಿಗೆ ಅವರು ಮಾಡಿದ ಸರದಿ ಸಾಲು ಆ ವರ್ಷವೇ 3.18 ಕರ್ನಲ್ಲಿನಲ್ಲಿ ಬಂತು. ಆಫ್‌ಗೆ ಮಾಡಿದ್ದು ಒಳಗೆ ಹೋಗಲಿಲ್ಲ. ಎಂಟು ವರ್ಷದ ಮೇಲೆ ಡಿಮಿಟ್ರಿ ಒಸಿಪೆಂಕೊ ಮತ್ತೆ ಕೈಗೆತ್ತಿಕೊಂಡು, 'ಸಿಸ್-ಆಫ್' ಅನ್ನೋ ಹೊಸ ವ್ಯವಸ್ಥೆ 2022ರ 5.19 ಕರ್ನಲ್ಲಿಗೆ ಸೇರಿತು. ಇದರಲ್ಲಿ ಟವೆಲ್ ಇಲ್ಲ, ರಿಸರ್ವೇಷನ್ ಇದೆ. ಪ್ರತಿ ಡ್ರೈವರೂ ತನ್ನ ಆದ್ಯತೆಯ ನಂಬರ್ ಹೇಳಿ ಸಾಲಿನಲ್ಲಿ ನಿಲ್ಲಬೇಕು. ಹೆಚ್ಚಿನ ನಂಬರಿನವರಿಗೆ ಮೊದಲ ಅವಕಾಶ. ಅವರಿಂದ ಆಗದಿದ್ದರೆ ಮುಂದಿನವರು. ಆಫ್ ಆಗೋ ಮುಂಚಿನ ತಯಾರಿಗೆ ಬೇರೆ ಸಾಲು, ಆಫ್‌ಗೆ ಬೇರೆ, ರೀಸ್ಟಾರ್ಟಿಗೆ ಬೇರೆ. ಆ 5.19ನ್ನು ಲೀನಸ್ ಟೊರ್ವಾಲ್ಡ್ಸ್ ಬಿಡುಗಡೆ ಮಾಡಿದ್ದು ಒಂದು ಆರ್ಮ್ ಲ್ಯಾಪ್‌ಟಾಪಿನಿಂದ ಅನ್ನೋದು ಕಾಕತಾಳೀಯ, ಆದರೂ ನಂಗೆ ಖುಷಿ ಕೊಡ್ತು.

ಇನ್ನೊಂದು ತಮಾಷೆ ಹೇಳಿಬಿಡ್ತೀನಿ. ಯಾವುದೋ ಪ್ರೊಗ್ರಾಮ್ ಕೈತಪ್ಪಿ ಕಂಪ್ಯೂಟರ್ ಆಫ್ ಮಾಡದಿರಲಿ ಅಂತ, ಲಿನಕ್ಸ್‌ನಲ್ಲಿ ಆಫ್ ಮಾಡುವ ಕರೆಗೆ ಎರಡು ಗುಟ್ಟಿನ ಸಂಖ್ಯೆ ಕೊಡಬೇಕು. ಮೊದಲನೆಯದನ್ನು ಹೆಕ್ಸಾಡೆಸಿಮಲ್‌ನಲ್ಲಿ ಓದಿದರೆ 'ಫೀಲ್ ಡೆಡ್' ಅಂತ ಬರುತ್ತೆ. ಎರಡನೆಯದು 672274793. ಅದನ್ನೂ ಹಾಗೇ ಬರೆದರೆ 28121969. 1969ರ ಡಿಸೆಂಬರ್ 28, ಟೊರ್ವಾಲ್ಡ್ಸ್ ಹುಟ್ಟಿದ ದಿನ. ಬದಲಿಗೆ ಅವರ ಮೂವರು ಹೆಣ್ಣುಮಕ್ಕಳ ಹುಟ್ಟಿದ ದಿನಗಳೂ ನಡೀತವೆ. ಪ್ರಪಂಚದ ಲಿನಕ್ಸ್ ಯಂತ್ರಗಳು ಪ್ರತಿ ರಾತ್ರಿ ಒಂದು ಹುಟ್ಟುಹಬ್ಬ ನೆನೆದು ಮಲಗ್ತವೆ.

ನೀವು ಇದನ್ನೆಲ್ಲ ಓದಿ "ನಂಗೇನು" ಅನ್ನಬಹುದು. ವಿಂಡೋಸ್ ಇದ್ದರೆ ಈಗಲೇ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ನಲ್ಲಿ ಅಪ್‌ಟೈಮ್ ನೋಡಿ. ದಿನಾ ಶಟ್‌ಡೌನ್ ಮಾಡ್ತಿದ್ದರೂ ಎಷ್ಟೋ ದಿನ ಅಂತ ತೋರಿಸಬಹುದು. 2012ರ ವಿಂಡೋಸ್ 8ರಿಂದ ಶಟ್‌ಡೌನ್ ಅಂದರೆ ನಿಮ್ಮ ಪ್ರೊಗ್ರಾಮ್‌ಗಳನ್ನು ಮುಚ್ಚಿ, ಕರ್ನಲ್ಲನ್ನು ಮಾತ್ರ ಹೈಬರ್ನೇಟ್ ಮಾಡೋದು. ಬೇಗ ಬೂಟ್ ಆಗಲಿ ಅಂತ. ನಿಜವಾದ ಆಫ್ ಬೇಕಂದ್ರೆ ರೀಸ್ಟಾರ್ಟ್ ಒತ್ತಬೇಕು. ಈಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಎಸ್3 ಕೂಡ ಇಲ್ಲ, ಮುಚ್ಚಿದರೂ ಫೋನಿನ ಹಾಗೆ ಅರೆಗಣ್ಣು ಬಿಟ್ಕೊಂಡೇ ಇರ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೆನ್ನ ಮೇಲಿನ ಬ್ಯಾಗು ಕಾವಲಿಯ ಹಾಗೆ ಬಿಸಿಯಾದರೆ ಕಾರಣ ಅದೇ.

*

ನಮ್ಮ ಮಿಷನ್ನಿನ ಪರಿಹಾರ ಕೊನೆಗೆ ಒಂದೇ ಸಾಲು. ಬೋರ್ಡಿನ ವಿವರ ಬರೆದ ಫೈಲಿನಲ್ಲಿ, ಇಡೀ ಸಿಸ್ಟಮ್ಮಿನ ಕರೆಂಟಿಗೆ ಈ ಚಿಪ್ಪೇ ಯಜಮಾನ ಅಂತ ಹೇಳುವ ಒಂದು ಸಾಲಿತ್ತು. ಅದನ್ನು ಅಳಿಸಿದೆ. ಚಿಪ್ಪಿನ ಡ್ರೈವರ್ ಆಮೇಲೆ ಟವೆಲ್ ಹಾಕೋಕೆ ಬರಲೇ ಇಲ್ಲ. ಆ ಸಾಲು ಬರೆದಿದ್ದವನೂ ನಾನೇ, ಯಾವುದೋ ಮಾದರಿ ಬೋರ್ಡಿನ ಫೈಲಿನಿಂದ ಎತ್ತಿಕೊಂಡು, ಓದದೆ.

ಅಪ್‌ಡೇಟ್ ಹಾಕೋಕೆ ನಾನೇ ಆ ಊರಿಗೆ ಹೋದೆ. ಸಂಜೆ ಹಾಲು ಹಾಕೋ ಹೊತ್ತು. ಅಜ್ಜಿ ಬಂದಿದ್ದರು, ಸ್ಟೀಲ್ ಕ್ಯಾನ್ ಹಿಡ್ಕೊಂಡು. ಇವರೇ ಮಿಷನ್ನಿನವರು ಅಂತ ಸೆಕ್ರೆಟರಿ ತೋರಿಸಿದರು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚೀಟಿ ತಗೊಂಡು, ಅಂಕಿಯನ್ನು ಪಕ್ಕದ ಹುಡುಗನ ಹತ್ತಿರ ಓದಿಸಿಕೊಂಡರು. ಅವತ್ತು ಬೆಳಗ್ಗೆ ಹೋದ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಳೆಯದೇ ಹೋದ ಹಾಲನ್ನು ಯಾವ ಅಪ್‌ಡೇಟೂ ಅಳೆಯಲ್ಲ.

ಎಲ್ಲ ಮುಗಿದ ಮೇಲೆ ಸೆಕ್ರೆಟರಿ ಬಟನ್ ಒತ್ತಿದರು. ಪರದೆ ಕತ್ತಲಾಯ್ತು. ನಾನು ಮೀಟರ್ ಹಿಡಿದು ತೋರಿಸಿದೆ: ಸೊನ್ನೆ. ಅವರು ತಲೆಯಾಡಿಸಿ, ಕೆಳಗೆ ಬಗ್ಗಿ, ಬ್ಯಾಟ್ರಿಯ ಕ್ಲಿಪ್ಪನ್ನೂ ಕಿತ್ತು ಪಕ್ಕಕ್ಕಿಟ್ಟರು.

"ಅದು ಬೇಕಾಗಿಲ್ಲ ಸರ್, ಈಗ ಸರಿ ಹೋಗಿದೆ" ಅಂದೆ.

"ಇರ್ಲಿ ಬಿಡಿ ಸರ್. ಬೆಳಗ್ಗೆ ಜನಕ್ಕೆ ಉತ್ತರ ಹೇಳ್ಬೇಕಾದೋನು ನಾನಲ್ವಾ?" ಅಂದರು ಬೀಗ ಹಾಕ್ತಾ.